ಬಯೋಸ್ ಹಿಂದಕ್ಕೆ ಹೋಗದೆ ನಿಂತಾಗ



ಗೇಮಿಂಗ್ ಲ್ಯಾಪ್‌ಟಾಪ್ ಎಂದರೆ ಬರಿಯ ಆಟದ ಸಾಮಾನು ಎಂದು ತಿಳಿಯಬಾರದು. ಕಟ್ಟಡದ ನಕ್ಷೆ ಬರೆಯುವವರೂ ಮದುವೆಯ ವಿಡಿಯೋ ಜೋಡಿಸುವವರೂ ಅದನ್ನೇ ಕೊಳ್ಳುತ್ತಾರೆ. ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಇಂಥ ಯಂತ್ರದ ಬಯೋಸನ್ನು ಹಳೆಯ ಆವೃತ್ತಿಗೆ ಇಳಿಸಲು ಹೋಗಿ ಪರದೆ ಕಪ್ಪಾದರೆ ಮನೆಯವರಿಗೆಲ್ಲ ಗಾಬರಿ. ಹಾಗಾದಾಗ ಏನನ್ನು ಯಾವ ಕ್ರಮದಲ್ಲಿ ನೋಡಬೇಕೆಂದು ಇಂದು ತಿಳಿಯೋಣ.

ಬ್ಯಾಂಕಿನಲ್ಲಿ ಕೌಂಟರ್ ತೆರೆಯುವ ಮುನ್ನ ಇಬ್ಬರು ಎರಡು ಕೀಲಿ ಹಾಕಿ ತಿಜೋರಿ ತೆಗೆಯುತ್ತಾರೆ. ಗಿರಾಕಿಗೆ ಅದು ಕಾಣುವುದಿಲ್ಲ, ಆದರೆ ಅದಾಗದೆ ದಿನದ ವ್ಯವಹಾರವೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಬಯೋಸ್ ಮಾಡುವುದು ಇದೇ ಕೆಲಸ. ಮದರ್‌ಬೋರ್ಡಿನ ಮೇಲಿನ ಒಂದು ಪುಟ್ಟ ಚಿಪ್ಪಿನಲ್ಲಿ ಅದು ಇರುತ್ತದೆ. ಚಿಪ್ಪಿನ ಅಳತೆ ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟ್. ಗುಂಡಿ ಒತ್ತಿದ ಕೂಡಲೇ ಅದು ಪ್ರೊಸೆಸರ್, ಮೆಮೊರಿ, ಡಿಸ್ಕುಗಳನ್ನು ಎಬ್ಬಿಸಿ, ಆಮೇಲೆ ವಿಂಡೋಸ್‌ಗೆ ದಾರಿ ಬಿಡುತ್ತದೆ.

ಹೊಸದಿರುವಾಗ ಹಳೆಯದೇಕೆ ಎಂದು ಕೇಳಬಹುದು. ಕಾರಣ ಬಿಸಿ. ಇಂಟೆಲ್ ಪ್ರೊಸೆಸರಿಗೆ ಹೋಗುವ ವೋಲ್ಟೇಜನ್ನು ತುಸು ತಗ್ಗಿಸಿದರೆ ಯಂತ್ರ ತಣ್ಣಗಿರುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ಪ್ರೋಗ್ರಾಮಿನಿಂದ ಬಹಳ ಜನ ಹೀಗೆ ಮಾಡುತ್ತಿದ್ದರು. 2019ರ ಡಿಸೆಂಬರಿನಲ್ಲಿ ಪ್ಲಂಡರ್‌ವೋಲ್ಟ್ ಎಂಬ ದೋಷ ಬಯಲಾಯಿತು. ಬರ್ಮಿಂಗ್‌ಹ್ಯಾಮ್, ಗ್ರಾಜ್, ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು, ಇದೇ ವೋಲ್ಟೇಜ್ ತಗ್ಗಿಸುವ ಬಾಗಿಲಿನಿಂದ ಪ್ರೊಸೆಸರಿನೊಳಗಿನ ಗುಟ್ಟುಗಳನ್ನು ಕದಿಯಬಹುದೆಂದು ತೋರಿಸಿದರು. ನಂತರ ಬಂದ ಬಯೋಸ್‌ಗಳು ಆ ಬಾಗಿಲನ್ನು ಮುಚ್ಚಿದವು. ಅಪ್‌ಡೇಟ್ ಹಾಕಿದ ಮರುದಿನ ಯಂತ್ರ ಕಾದ ಹಂಚಿನಂತಾದರೆ ಹಿಂದಕ್ಕೆ ಹೋಗುವ ಆಸೆ ಸಹಜ. ಆದರೆ ಕಂಪೆನಿ ಈ ದಾರಿ ಮುಚ್ಚಿದ್ದು ಮರೆವಿನಿಂದಲ್ಲ, ಬೇಕೆಂದೇ.

ಆದ್ದರಿಂದ ಮೊದಲು ನೋಡಬೇಕಾದದ್ದು, ಯಂತ್ರ ಹಿಂದಕ್ಕೆ ಹೋಗಲು ಒಪ್ಪಲಿಲ್ಲವೋ ಅಥವಾ ನಡುದಾರಿಯಲ್ಲಿ ಬಿದ್ದಿತೋ ಎಂದು. ಒಪ್ಪದಿದ್ದರೆ ಸಂದೇಶ ಬರುತ್ತದೆ, ವಿಂಡೋಸ್ ಎಂದಿನಂತೆ ತೆರೆಯುತ್ತದೆ. ಇದರಲ್ಲಿ ಹಾನಿಯೇನೂ ಇಲ್ಲ. ಲೆನೊವೊದ ಹಲವು ಯಂತ್ರಗಳ ಬಯೋಸ್ ಪುಟದಲ್ಲಿ 'ಬಯೋಸ್ ಬ್ಯಾಕ್ ಫ್ಲ್ಯಾಶ್', ಡೆಲ್‌ನವುಗಳಲ್ಲಿ 'ಅಲೌ ಬಯೋಸ್ ಡೌನ್‌ಗ್ರೇಡ್' ಎಂಬ ಆಯ್ಕೆ ಇರುತ್ತದೆ. ಅದನ್ನು ತೆರೆದು ಇನ್ನೊಮ್ಮೆ ಪ್ರಯತ್ನಿಸಬಹುದು. ಮತ್ತೂ ಒಪ್ಪದಿದ್ದರೆ ಅಲ್ಲಿಗೇ ಬಿಡುವುದು ಲೇಸು. ಎಲ್ಲಿಂದಲೋ ತಂದ ಪ್ರೋಗ್ರಾಮಿನಿಂದ ಬಲವಂತವಾಗಿ ಬರೆಯಿಸುವುದು ಸಲ್ಲದು. ಸತ್ತುಹೋಗುವ ಯಂತ್ರಗಳು ಹೆಚ್ಚಾಗಿ ಹೀಗೆಯೇ ಸಾಯುತ್ತವೆ.

ಪರದೆ ಕಪ್ಪಾಗಿದ್ದರೆ? ಮೊದಲು ಕೈ ಕಟ್ಟಿ ಕುಳಿತುಕೊಳ್ಳಿ. ಹೊಸದಾಗಿ ಬರೆದ ಬಯೋಸ್ ಮೆಮೊರಿಯನ್ನು ಮತ್ತೆ ಅಳೆದು ನೋಡುತ್ತದೆ. ಫ್ಯಾನ್ ಜೋರಾಗುತ್ತದೆ, ಯಂತ್ರ ತಾನಾಗಿಯೇ ಎರಡು ಮೂರು ಸಲ ಆರಿ ಹೊತ್ತುತ್ತದೆ. ಅಡಾಪ್ಟರ್ ಹಾಕಿಟ್ಟು ಇಪ್ಪತ್ತು ನಿಮಿಷ ಬಿಡಿ. ಈ ಹೊತ್ತಿನಲ್ಲಿ ಪವರ್ ಗುಂಡಿ ಒತ್ತಿ ಹಿಡಿದರೆ ಬದುಕಿದ್ದ ಯಂತ್ರವೂ ಕೆಡಬಹುದು. ಮಳೆಗಾಲದಲ್ಲಿ ನಮ್ಮ ಗಡಿನಾಡಿನ ಕರೆಂಟು ಹೇಗೆಂದು ನಿಮಗೆ ಹೇಳಬೇಕಾಗಿಲ್ಲ. ಬ್ಯಾಟರಿ ತುಂಬದೆ ಈ ಕೆಲಸಕ್ಕೆ ಇಳಿಯಲೇಬಾರದು.

ಆಮೇಲೂ ಏನೂ ಕಾಣದಿದ್ದರೆ ಟಿವಿಗೆ ತಂತಿ ಜೋಡಿಸಿ, ಅಲ್ಲಿ ಚಿತ್ರ ಬರುತ್ತದೆಯೇ ನೋಡಿ. ಅಲ್ಲೂ ಇಲ್ಲವೆಂದರೆ ಅಡಾಪ್ಟರ್ ಕಳಚಿ, ಗುಂಡಿಯನ್ನು ಮೂವತ್ತು ಸೆಕೆಂಡು ಒತ್ತಿ ಬಿಟ್ಟು, ಮತ್ತೆ ಹೊತ್ತಿಸಿ.

ಇದೂ ಫಲಿಸದಿದ್ದರೆ ಕಂಪೆನಿಯೇ ಇಟ್ಟಿರುವ ಹಿಂಬಾಗಿಲು ಉಂಟು. ಬೇರೊಂದು ಕಂಪ್ಯೂಟರಿನಲ್ಲಿ, ನಿಮ್ಮ ಮಾಡೆಲಿನದೇ ಫೈಲನ್ನು ಕಂಪೆನಿಯ ತಾಣದಿಂದ ಇಳಿಸಿ, ಅದು ಹೇಳಿದಂತೆ ಪೆನ್‌ಡ್ರೈವಿಗೆ ಹಾಕಿ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಿರಲಿ. ಎಚ್‌ಪಿ ಯಂತ್ರವಾದರೆ ವಿಂಡೋಸ್ ಕೀಲಿ ಮತ್ತು ಬಿ ಒಟ್ಟಿಗೆ ಹಿಡಿದು ಪವರ್ ಗುಂಡಿಯನ್ನು ಎರಡು ಮೂರು ಸೆಕೆಂಡು ಒತ್ತಬೇಕು. ಡೆಲ್‌ನ ಹಲವು ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಹಿಡಿದುಕೊಂಡೇ ಅಡಾಪ್ಟರ್ ಚುಚ್ಚಬೇಕು. ಇಲ್ಲಿ ಒಂದು ಮಾತು: ಹಾಕುವ ಫೈಲು ನೀವು ಆಸೆಪಟ್ಟ ಹಳೆಯದಲ್ಲ, ಮೊದಲಿದ್ದ ಹೊಸದು. ಹಳೆಯದನ್ನು ಹಿಂಬಾಗಿಲೂ ತಿರಸ್ಕರಿಸಬಹುದು. ಯಂತ್ರ ಉಳಿದರೆ ಸಾಕು, ಬಿಸಿಯ ಮಾತು ಆಮೇಲೆ.

ಇಷ್ಟಕ್ಕೂ ಏಳದಿದ್ದರೆ ರಿಪೇರಿಯವರೇ ಗತಿ. ಅವರು ಚಿಪ್ಪಿಗೆ ಕ್ಲಿಪ್ ಹಚ್ಚಿ ಪ್ರೋಗ್ರಾಮರ್ ಎಂಬ ಸಾಧನದಿಂದ ನೇರವಾಗಿ ಬರೆಯುತ್ತಾರೆ. ಕೆಲವು ಚಿಪ್ಪು 3.3 ವೋಲ್ಟಿನದು, ಕೆಲವು 1.8 ವೋಲ್ಟಿನದು. ತಪ್ಪಿದರೆ ಚಿಪ್ಪೇ ಸುಡಬಹುದು. ಮದರ್‌ಬೋರ್ಡ್ ಬದಲಿಸಬೇಕೆಂದು ಅವರು ಹೇಳಿದರೆ, ಚಿಪ್ಪು ಬರೆದು ನೋಡಿದಿರಾ ಎಂದು ಕೇಳಿ. ಬರೆಯುವ ಮುನ್ನ ಒಳಗಿದ್ದುದನ್ನು ಓದಿ ತೆಗೆದಿಟ್ಟುಕೊಳ್ಳಲೂ ಹೇಳಿ. ನಿಮ್ಮ ಯಂತ್ರದ ಸೀರಿಯಲ್ ನಂಬರು, ವಿಂಡೋಸ್ ಪರವಾನಗಿಯ ಕೀಲಿ ಸಾಮಾನ್ಯವಾಗಿ ಅದರಲ್ಲೇ ಇರುತ್ತವೆ. ಬೇರೆಯವರ ಫೈಲು ಬರೆದರೆ ಅವೆಲ್ಲ ಅಳಿಸಿಹೋಗುತ್ತವೆ.

ಯಂತ್ರ ಎದ್ದ ಮೇಲೆ ನೀಲಿ ಪರದೆಯೊಂದು 48 ಅಂಕಿಗಳ ಕೀಲಿ ಕೇಳಿದರೆ ಹೆದರಬೇಡಿ. ಅದು ಬಿಟ್‌ಲಾಕರ್ ಎಂಬ ಕಾವಲು. ಬಯೋಸ್ ಬದಲಾದದ್ದನ್ನು ಕಂಡು ಡಿಸ್ಕಿಗೆ ಬೀಗ ಹಾಕಿರುತ್ತದೆ. ಆ ಕೀಲಿ ಹೆಚ್ಚಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಫೋಟೋ, ಪಾಠ, ಲೆಕ್ಕ ಯಾವುದೂ ಕೈಗೆ ಬರುವುದಿಲ್ಲ. ಬಯೋಸ್ ಮುಟ್ಟುವ ಮೊದಲೇ ಆ ಅಂಕಿಗಳನ್ನು ಒಂದು ಕಾಗದದಲ್ಲಿ ಬರೆದು, ಪಾಸ್‌ಬುಕ್ಕಿನ ಜೊತೆ ಎತ್ತಿಡಿ.