ವಿದ್ಯುತ್ ಸೈಕಲ್: ಕೊಳ್ಳುವ ಮುನ್ನ, ಮಾರ್ಪಡಿಸುವ ಮುನ್ನ ಮಾಡಬೇಕಾದ ಲೆಕ್ಕ

ಊರೊಳಗಿನ ಸಣ್ಣ ಸಾಗಣೆ ಹಾಗೂ ಸಿಬ್ಬಂದಿಯ ಓಡಾಟದ ವೆಚ್ಚವು ಲಾಭ-ನಷ್ಟ ಖಾತೆಯಲ್ಲಿ ಎದ್ದು ಕಾಣುವ ಬಾಬ್ತಲ್ಲ. 'ವಾಹನ ವೆಚ್ಚ', 'ಇತರೆ ಖರ್ಚು' ಎಂಬ ಶೀರ್ಷಿಕೆಗಳಡಿ ಅದು ಕರಗಿಹೋಗುತ್ತದೆ. ಬ್ಯಾಂಕಿಗೆ ಹೋಗಿಬರುವುದು, ಗೋದಾಮಿನಿಂದ ಅಂಗಡಿಗೆ ಬಿಡಿಭಾಗ ತರುವುದು, ಗಿರಾಕಿಯ ಮನೆಗೆ ಪೊಟ್ಟಣ ಮುಟ್ಟಿಸುವುದು ಇವೆಲ್ಲಕ್ಕೂ ನಾವು ಪೆಟ್ರೋಲ್ ಸುಡುತ್ತೇವೆ. ಇಂತಹ ಕೆಲಸಗಳಿಗೆ ವಿದ್ಯುತ್ ಸೈಕಲ್ ಒಳ್ಳೆಯ ಸಾಧನ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಬಗ್ಗೆ ಎರಡು ತಪ್ಪು ಕಲ್ಪನೆಗಳು ಬೇರೂರಿವೆ. ಕರೆಂಟಿನ ಖರ್ಚೇ ಇದರ ಒಟ್ಟು ಖರ್ಚು ಎಂಬುದು ಒಂದು. ಸೈಕಲ್ಲಿಗೆ ಯಾವ ಮೋಟಾರು ಕೂರಿಸಿದರೂ ಅದು ಸೈಕಲ್ಲೇ ಎಂಬುದು ಇನ್ನೊಂದು. ಮೊದಲನೆಯದು ಲೆಕ್ಕವನ್ನು ಕೆಡಿಸುತ್ತದೆ. ಎರಡನೆಯದು ಮಾಲೀಕನನ್ನೇ ಸಂಕಷ್ಟಕ್ಕೆ ದೂಡಬಲ್ಲದು.

ಕಾನೂನು ಎಳೆದಿರುವ ಗೆರೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 2(ಯು) ನಿಯಮವು ಬ್ಯಾಟರಿ ಚಾಲಿತ ವಾಹನವನ್ನು ವ್ಯಾಖ್ಯಾನಿಸಿ, ಕೆಲವು ಷರತ್ತುಗಳನ್ನು ಪೂರೈಸುವ ವಾಹನಗಳನ್ನು 'ಮೋಟಾರು ವಾಹನ' ಎಂಬ ಪರಿಭಾಷೆಯಿಂದ ಹೊರಗಿಟ್ಟಿದೆ. ಪೆಡಲ್ ನೆರವಿನ ಸೈಕಲ್ಲಿನಲ್ಲಿ ಮೋಟಾರಿನ ಮೂವತ್ತು ನಿಮಿಷಗಳ ಸಾಮರ್ಥ್ಯ 0.25 ಕಿಲೊವ್ಯಾಟ್‌ಗಿಂತ, ಅಂದರೆ 250 ವ್ಯಾಟ್‌ಗಿಂತ ಕಡಿಮೆ ಇರಬೇಕು. ವೇಗ ಗಂಟೆಗೆ 25 ಕಿ.ಮೀ. ಮುಟ್ಟುವಷ್ಟರಲ್ಲಿ ಮೋಟಾರಿನ ನೆರವು ಕ್ರಮೇಣ ಇಳಿದು ನಿಲ್ಲಬೇಕು. ತುಳಿಯುವುದನ್ನು ಬಿಟ್ಟರೆ ಅದಕ್ಕೂ ಮೊದಲೇ ನಿಲ್ಲಬೇಕು. ಸರಿಯಾದ ಬ್ರೇಕು, ಮುಂದೆ ಬಿಳಿಯ ಹಾಗೂ ಹಿಂದೆ ಕೆಂಪು ಪ್ರತಿಫಲಕಗಳು ಇರಬೇಕು. ಮುಖ್ಯವಾಗಿ, ಇವೆಲ್ಲವನ್ನೂ 126ನೇ ನಿಯಮದಲ್ಲಿ ಹೆಸರಿಸಿದ ಪರೀಕ್ಷಾ ಸಂಸ್ಥೆಯೊಂದು ಪರಿಶೀಲಿಸಿ ದೃಢೀಕರಿಸಿರಬೇಕು. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಇಂತಹ ಸಂಸ್ಥೆಗಳು.

ಈ ಗೆರೆಯೊಳಗೆ ಇದ್ದರೆ ನೋಂದಣಿ, ಚಾಲನಾ ಪರವಾನಗಿ, ಕಡ್ಡಾಯ ವಿಮೆ ಯಾವುದೂ ಬೇಡ. ಗೆರೆ ದಾಟಿದ ಕ್ಷಣದಿಂದ ಅದೇ ಸೈಕಲ್ ನೋಂದಣಿ ಇಲ್ಲದ, ವಿಮೆ ಇಲ್ಲದ ಮೋಟಾರು ವಾಹನವಾಗುತ್ತದೆ.

ಆಯ್ಕೆ: ದಾರಿ ಮೊದಲು, ಸೈಕಲ್ ನಂತರ

ಅಂಗಡಿಯಲ್ಲಿ ಬಣ್ಣ ನೋಡುವ ಮೊದಲು ಮೂರು ಅಂಕಿಗಳನ್ನು ಬರೆದಿಟ್ಟುಕೊಳ್ಳಬೇಕು: ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಹೊರೆ, ದಾರಿಯ ಏರು ಎಷ್ಟು.

ದಾವಣಗೆರೆಯಂತಹ ಸಮತಟ್ಟಾದ ಊರಿಗೆ ಹಿಂದಿನ ಚಕ್ರದ ಗುಂಬದಲ್ಲಿರುವ ಹಬ್ ಮೋಟಾರು ಸಾಕು. ಅದು ಅಗ್ಗ, ದುರಸ್ತಿಯೂ ಸುಲಭ. ಮಂಗಳೂರು, ಮಡಿಕೇರಿಯಂತಹ ಏರುಪೇರಿನ ಊರುಗಳ ಮಾತು ಬೇರೆ. ಸವಾರ, ಸೈಕಲ್ ಮತ್ತು 20 ಕಿಲೊ ಹೊರೆ ಸೇರಿ 107 ಕಿಲೊ ತೂಕವನ್ನು, 20 ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಒಯ್ಯಲು ಸುಮಾರು 260 ವ್ಯಾಟ್ ಶಕ್ತಿ ಬೇಕು. ಅಂದರೆ ಕಾನೂನು ಒಪ್ಪುವ ಮೋಟಾರು ಪೂರ್ತಿ ದುಡಿದರೂ ಸವಾರ ತುಳಿಯಲೇಬೇಕು. ಅಂತಹ ಕಡೆ ಪೆಡಲಿನ ಬಳಿಯೇ ಮೋಟಾರು ಇದ್ದು ಗೇರುಗಳ ಪ್ರಯೋಜನ ಪಡೆಯುವ ಸೈಕಲ್ ಲೇಸು. ಬೆಲೆ ಹೆಚ್ಚು, ಸರಪಳಿಯ ಸವೆತವೂ ಹೆಚ್ಚು.

ಬ್ಯಾಟರಿಯನ್ನು ಅಳೆಯುವುದು ವೋಲ್ಟ್ ಮತ್ತು ಆಂಪಿಯರ್-ಗಂಟೆಗಳ ಗುಣಲಬ್ಧದಿಂದ. 36 ವೋಲ್ಟ್, 10 ಆಂಪಿಯರ್-ಗಂಟೆ ಎಂದರೆ 360 ವ್ಯಾಟ್-ಗಂಟೆ. ಹೊರೆಯೊಡನೆ ಕಿಲೋಮೀಟರಿಗೆ 12 ವ್ಯಾಟ್-ಗಂಟೆ ಖರ್ಚಾದರೆ 30 ಕಿ.ಮೀ. ಓಟ ಸಿಗುತ್ತದೆ. ಜಾಹೀರಾತಿನ ಅಂಕಿಗಳು ಹಗುರ ಸವಾರ, ಸಮತಟ್ಟು ರಸ್ತೆ ಮತ್ತು ಹೊಸ ಬ್ಯಾಟರಿಗೆ ಸಂಬಂಧಿಸಿದವು. ನಿತ್ಯದ ದೂರಕ್ಕಿಂತ ಕಾಲು ಭಾಗವಾದರೂ ಹೆಚ್ಚು ಓಟ ಕೊಡುವ ಬ್ಯಾಟರಿಯನ್ನು ಆರಿಸುವುದು ಜಾಣತನ.

ನಿಜವಾದ ಇಂಧನ ಬ್ಯಾಟರಿಯೇ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಒಬ್ಬ ಬಿಡಿಭಾಗಗಳ ವರ್ತಕರ ಸಿಬ್ಬಂದಿ ದಿನಕ್ಕೆ 24 ಕಿ.ಮೀ.ನಂತೆ ವರ್ಷಕ್ಕೆ 300 ದಿನ, ಒಟ್ಟು 7,200 ಕಿ.ಮೀ. ಓಡಾಡುತ್ತಾರೆ ಎನ್ನೋಣ. ಸೈಕಲ್ಲಿನ ಬೆಲೆ 35,000 ರೂ., ಅದರಲ್ಲಿ ಬ್ಯಾಟರಿಯ ಪಾಲು 14,000 ರೂ. ಎಂದು ಹಿಡಿಯೋಣ. ಈ ಬೆಲೆಗಳು ಲೆಕ್ಕದ ಸಲುವಾಗಿ ಇಟ್ಟುಕೊಂಡವು. ಓದುಗರು ತಮ್ಮ ಊರಿನ ಬೆಲೆಗಳನ್ನು ಇದರಲ್ಲಿ ಸೇರಿಸಿಕೊಳ್ಳಬಹುದು.

ಚಾರ್ಜರಿನಲ್ಲಿ ಆಗುವ ನಷ್ಟವನ್ನೂ ಸೇರಿಸಿ ವರ್ಷಕ್ಕೆ ಸುಮಾರು 104 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ 9 ರೂ.ನಂತೆ ಸುಮಾರು 930 ರೂ., ಅಂದರೆ ಕಿಲೋಮೀಟರಿಗೆ 13 ಪೈಸೆ. ಅದೇ ದೂರಕ್ಕೆ ಲೀಟರಿಗೆ 45 ಕಿ.ಮೀ. ಓಡುವ ಸ್ಕೂಟರಿಗೆ 160 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 100 ರೂ. ಎಂದರೆ 16,000 ರೂ. ಉಳಿತಾಯ 15,000 ರೂ. ದಾಟಿತೆಂದು ಇಲ್ಲಿಗೇ ಲೆಕ್ಕ ಮುಗಿಸುವವರೇ ಹೆಚ್ಚು.

ಆದರೆ ಬ್ಯಾಟರಿ ದಿನೇದಿನೇ ಸವೆಯುತ್ತದೆ. 500 ಸಲ ಪೂರ್ಣ ಚಾರ್ಜ್ ಮಾಡಬಹುದೆಂದೂ, ಶಕ್ತಿ ಕುಗ್ಗುತ್ತ ಹೋಗುವುದರಿಂದ ಸರಾಸರಿ 26 ಕಿ.ಮೀ. ಓಟ ಸಿಗುವುದೆಂದೂ ಹಿಡಿದರೆ ಅದರ ಆಯುಷ್ಯ 13,000 ಕಿ.ಮೀ. ಕಿಲೋಮೀಟರಿಗೆ ಒಂದು ರೂಪಾಯಿ ಎಂಟು ಪೈಸೆ. ವರ್ಷಕ್ಕೆ ಸುಮಾರು 7,750 ರೂ. ಅಂದರೆ ಪೆಟ್ರೋಲಿನಲ್ಲಿ ಉಳಿದ ಹಣದ ಅರ್ಧವನ್ನು ಬ್ಯಾಟರಿಯೇ ನುಂಗುತ್ತದೆ. ಟೈರು, ಬ್ರೇಕು, ದುರಸ್ತಿಗೆ 3,000 ರೂ., ಉಳಿದ ಸೈಕಲ್ಲಿನ ಬೆಲೆಯನ್ನು ಐದು ವರ್ಷಕ್ಕೆ ಹಂಚಿದರೆ 4,200 ರೂ. ಒಟ್ಟು ವರ್ಷಕ್ಕೆ 15,880 ರೂ.; ಕಿಲೋಮೀಟರಿಗೆ 2 ರೂಪಾಯಿ 20 ಪೈಸೆ. ಸ್ಕೂಟರಿಗೆ ಪೆಟ್ರೋಲಲ್ಲದೆ ವಿಮೆ ಮತ್ತು ಸರ್ವೀಸಿಗೆ 6,000 ರೂ., ಬೆಲೆಯ ಸವಕಳಿಗೆ 7,500 ರೂ. ಸೇರಿಸಿದರೆ 29,500 ರೂ. ಆಗುತ್ತದೆ. ನಿವ್ವಳ ಉಳಿತಾಯ ಸುಮಾರು 13,600 ರೂ. ಇದು ಒಳ್ಳೆಯ ಉಳಿತಾಯವೇ. ಆದರೆ ತಿಂಗಳಿಗೆ 650 ರೂ.ನಂತೆ ಬ್ಯಾಟರಿಗೆಂದು ತೆಗೆದಿಡದವರಿಗೆ ಎರಡನೇ ವರ್ಷದ ಕೊನೆಯಲ್ಲಿ ಅದೇ ದೊಡ್ಡ ಆಘಾತವಾಗಿ ಕಾಣಿಸುತ್ತದೆ. ದಿನಕ್ಕೆ ಐದಾರು ಕಿ.ಮೀ. ಮಾತ್ರ ಓಡಾಟವಿರುವವರಿಗೆ ಸಾಮಾನ್ಯ ಸೈಕಲ್ಲೇ ಲಾಭದಾಯಕ.

ಯಾವ ಮಾರ್ಪಾಡು ಸರಿ, ಯಾವುದು ಸಲ್ಲದು

ಬಲವಾದ ಕ್ಯಾರಿಯರ್, ದಪ್ಪ ಟೈರು, ಉತ್ತಮ ಬ್ರೇಕ್ ಪ್ಯಾಡು, ಮಡ್‌ಗಾರ್ಡ್, ದೀಪ, ಕನ್ನಡಿ, ಗಂಟೆ ಇವುಗಳಿಗೆ ಧಾರಾಳವಾಗಿ ಹಣ ಹಾಕಬಹುದು. ಸಾಮಾನು ಹೊರುವ ಸೈಕಲ್ಲಿಗೆ ಹಿಂದಿನ ಚಕ್ರದ ಕಡ್ಡಿಗಳನ್ನು ಗಟ್ಟಿ ಮಾಡಿಸುವುದು ಉತ್ತಮ.

ಮೂರು ಮಾರ್ಪಾಡುಗಳು ಮಾತ್ರ ಸಲ್ಲವು: ಕಂಟ್ರೋಲರಿನ ವೇಗಮಿತಿಯನ್ನು ಬಿಚ್ಚುವುದು, ಹೆಚ್ಚು ವೋಲ್ಟಿನ ಬ್ಯಾಟರಿ ಜೋಡಿಸುವುದು, 500 ಅಥವಾ 1,000 ವ್ಯಾಟ್‌ನ ಕಿಟ್ ಕೂರಿಸುವುದು. ಸೈಕಲ್ಲಿನ ಬ್ರೇಕು, ಫೋರ್ಕ್, ರಿಮ್ಮುಗಳು ಆ ವೇಗಕ್ಕೆ ರಚಿತವಾದವಲ್ಲ. ಕಪ್ಪು ಸೈಕಲ್ಲಿನ ಸರಳು ಬ್ರೇಕು ಮಳೆಯಲ್ಲಿ ಎಷ್ಟು ಹಿಡಿಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ಮೋಟಾರಿನ ತಿರುಚುಬಲವನ್ನು ತಡೆಯುವ ಲೋಹದ ತೋಳು ಅಳವಡಿಸದಿದ್ದರೆ ಅಚ್ಚು ತನ್ನ ಕಚ್ಚಿನಿಂದ ಜಾರಿ ಚಕ್ರವೇ ಕಳಚಬಹುದು.

ಹಳೆಯ ಸೈಕಲ್ಲಿಗೆ 250 ವ್ಯಾಟ್ ಒಳಗಿನ ಕಿಟ್ ಹಾಕಿಸುವವರೂ ಎಚ್ಚರ ವಹಿಸಬೇಕು. ನಿಯಮದ ವಿನಾಯಿತಿ ದೊರೆಯುವುದು ಪರೀಕ್ಷಾ ಸಂಸ್ಥೆಯ ದೃಢೀಕರಣವಿದ್ದಾಗ ಮಾತ್ರ. ಬೀದಿ ಬದಿಯ ಜೋಡಣೆಗೆ ಅಂತಹ ಕಾಗದ ಇರುವುದಿಲ್ಲ. ಸ್ವಂತ ಓಡಾಟಕ್ಕೆ ಏನೇ ಮಾಡಿಕೊಂಡರೂ, ಸಿಬ್ಬಂದಿಗೆ ಕೊಡುವ ಸೈಕಲ್ ಮಾತ್ರ ದೃಢೀಕರಣವುಳ್ಳ ಕಾರ್ಖಾನೆಯ ಸೈಕಲ್ಲೇ ಆಗಿರಲಿ.

ಇಲ್ಲಿ ಪಣಕ್ಕಿರುವುದು ದಂಡದ ಮೊತ್ತವಲ್ಲ. ಮಾರ್ಪಡಿಸಿದ ಸೈಕಲ್ ಪಾದಚಾರಿಯೊಬ್ಬರಿಗೆ ತಾಗಿ ಅವರು ಶಾಶ್ವತವಾಗಿ ಅಂಗವಿಕಲರಾದರೆ, ಪರಿಹಾರ ಕೊಡಲು ವಿಮಾ ಕಂಪನಿ ಇರುವುದಿಲ್ಲ. ಹೊಣೆ ಮಾಲೀಕನ ಮೇಲೆ ಬೀಳುತ್ತದೆ. ಸ್ವಂತ ಹೆಸರಿನಲ್ಲಿ ಅಥವಾ ಪಾಲುದಾರಿಕೆಯಲ್ಲಿ ವ್ಯಾಪಾರ ಮಾಡುವವರಿಗೆ ಮನೆ-ನಿವೇಶನಗಳೂ ಆ ಹೊಣೆಯಿಂದ ಹೊರತಲ್ಲ. ಪೆಟ್ಟಾದವನು ನೌಕರನೇ ಆಗಿದ್ದರೆ ಅದೂ ಮಾಲೀಕನ ಜವಾಬ್ದಾರಿಯೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು, ಮನೆಯಿಂದ ಕೆಲಸಕ್ಕೆ ಹೋಗಿಬರುವಾಗ ಆಗುವ ಅಪಘಾತವನ್ನೂ ಉದ್ಯೋಗದೊಡನೆ ಅದರ ಸಂಬಂಧ ಸಾಬೀತಾದಲ್ಲಿ ಉದ್ಯೋಗಜನ್ಯ ಅಪಘಾತವೆಂದೇ ಪರಿಗಣಿಸುತ್ತದೆ. ಗಂಟೆಗೆ ಹತ್ತು ಕಿಲೋಮೀಟರ್ ಹೆಚ್ಚು ವೇಗಕ್ಕಾಗಿ ಇಷ್ಟು ದೊಡ್ಡ ಸಾಲವನ್ನು ಲೆಕ್ಕಪುಸ್ತಕದ ಹೊರಗೆ ಹೊತ್ತು ತಿರುಗುವುದು ವ್ಯಾಪಾರವಲ್ಲ.

ಚಾರ್ಜಿಂಗ್ ಮತ್ತು ಗೋದಾಮು

ಹತ್ತು ಕೋಶಗಳ ಸಾಲಿನ 36 ವೋಲ್ಟ್ ಲಿಥಿಯಂ-ಅಯಾನ್ ಬ್ಯಾಟರಿ ಪೂರ್ಣ ತುಂಬಿದಾಗ 42 ವೋಲ್ಟ್ ತೋರಿಸುತ್ತದೆ. ಬೇರೆ ಮಾದರಿಯ ಚಾರ್ಜರ್ ಹಾಕಿದರೆ ಬೆಂಕಿಯ ಅಪಾಯವಿದೆ. ಆದ್ದರಿಂದ ಪ್ರತಿ ಬ್ಯಾಟರಿಗೂ ಅದರದೇ ಚಾರ್ಜರ್ ಇರಲಿ, ಎರಡಕ್ಕೂ ಒಂದೇ ಸಂಖ್ಯೆ ಬರೆದಿರಲಿ. ಬಿಸಿಲಿನಿಂದ ಬಂದ ಕೂಡಲೇ ಚಾರ್ಜಿಗೆ ಹಾಕಬಾರದು; ರಾತ್ರಿ ಬಾಗಿಲು ಮುಚ್ಚಿದ ಅಂಗಡಿಯಲ್ಲಿ, ಬಣ್ಣ, ಹತ್ತಿ, ಕಾಗದದ ದಾಸ್ತಾನಿನ ಬಳಿ ಹಾಕಲೇಬಾರದು. ಹಲವು ಬ್ಯಾಟರಿಗಳನ್ನು ಗೋದಾಮಿನಲ್ಲಿ ಚಾರ್ಜ್ ಮಾಡುವವರು ತಮ್ಮ ಬೆಂಕಿ ವಿಮೆಯ ಕಂಪನಿಗೆ ಅದನ್ನು ಲಿಖಿತವಾಗಿ ತಿಳಿಸಬೇಕು. ತಿಳಿಸದೆ ಅಪಾಯವನ್ನು ಹೆಚ್ಚಿಸಿಕೊಂಡರೆ ಕ್ಲೇಮಿನ ವೇಳೆ ತಕರಾರು ಬರಬಹುದು.

ತೆರಿಗೆಯ ಅಂಶಗಳು

1. ವಿದ್ಯುತ್ ಸೈಕಲ್ಲಿನ ಮೇಲೆ ಜಿಎಸ್‌ಟಿ ಶೇ. 5. ಬಿಡಿಯಾಗಿ ಕೊಳ್ಳುವ ಲಿಥಿಯಂ-ಅಯಾನ್ ಬ್ಯಾಟರಿಗೆ ಶೇ. 18.

2. ಜನರ ಓಡಾಟದ ಮೋಟಾರು ವಾಹನಗಳ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು 17(5)ನೇ ಕಲಮು ಸಾಮಾನ್ಯವಾಗಿ ತಡೆಯುತ್ತದೆ. ಜಿಎಸ್‌ಟಿ ಕಾಯಿದೆಯ 'ಮೋಟಾರು ವಾಹನ'ಕ್ಕೆ ಮೋಟಾರು ವಾಹನ ಕಾಯಿದೆಯ ಅರ್ಥವೇ ಇರುವುದರಿಂದ, ಗೆರೆಯೊಳಗಿನ ಸೈಕಲ್ಲಿಗೆ ಆ ತಡೆ ಅನ್ವಯಿಸದು. ದೃಢೀಕರಣ ಪತ್ರದ ಪ್ರತಿಯನ್ನು ಬಿಲ್ಲಿನೊಡನೆ ಇಟ್ಟುಕೊಳ್ಳಿ. ಸ್ವಂತ ಬಳಕೆಯ ಸೈಕಲ್ಲಿಗೂ, ರಾಜಿ ತೆರಿಗೆ ಪದ್ಧತಿಯಲ್ಲಿರುವ ವರ್ತಕರಿಗೂ ಈ ಸೌಲಭ್ಯವಿಲ್ಲ.

3. ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿ ಕೇಳುವಂತಿಲ್ಲ.

4. ಒಂದೇ ದಿನ ಒಬ್ಬರಿಗೆ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಸವಕಳಿಯ ಲೆಕ್ಕಕ್ಕೆ ಸೇರದು. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕವೇ ಪಾವತಿಸಿ.

5. ಸ್ವಂತ ಹೆಸರಿನಲ್ಲಿ ಬ್ಯಾಟರಿ ಮಾರುವ ಸಣ್ಣ ಉತ್ಪಾದಕರು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು.

ಸಾರಾಂಶವಿಷ್ಟೆ: ದಿನಕ್ಕೆ 15ರಿಂದ 25 ಕಿ.ಮೀ. ಓಡಾಟವಿರುವ ವರ್ತಕರಿಗೆ ವಿದ್ಯುತ್ ಸೈಕಲ್ ಲಾಭ ತರುವ ಆಸ್ತಿ. ಕೊಳ್ಳುವಾಗ ದೃಢೀಕರಣ ಪತ್ರ ಕೇಳಿ, ಬಳಸುವಾಗ ಬ್ಯಾಟರಿಗೆ ಹಣ ತೆಗೆದಿಡಿ, ವೇಗಮಿತಿಗೆ ಕೈ ಹಾಕಬೇಡಿ. ಈಗಾಗಲೇ ಸೈಕಲ್ ಇರುವವರು ಈ ವಾರವೇ ಅದರ ಮೋಟಾರು, ಕಂಟ್ರೋಲರ್ ಮತ್ತು ಕಾಗದಗಳನ್ನು ಒಮ್ಮೆ ಪರಿಶೀಲಿಸಿಕೊಳ್ಳುವುದು ಒಳಿತು.