ಹೊಸ ಪೋಪ್: ಹೆಸರು ತಿಳಿಯುವ ಮೊದಲೇ ಮೊಳಗಿದ ಹರ್ಷೋದ್ಗಾರ

2025ರ ಮೇ 8ರ ಸಂಜೆ ರೋಮ್‌ನಲ್ಲಿ ಗಂಟೆ ಆರು ದಾಟಿ ಏಳು ನಿಮಿಷ ಕಳೆದಿದ್ದಾಗ ವ್ಯಾಟಿಕನ್‌ನ ಸಿಸ್ಟೈನ್ ಪ್ರಾರ್ಥನಾ ಮಂದಿರದ ಚಿಮಣಿಯಿಂದ ಬಿಳಿ ಹೊಗೆ ಹೊರಬಿತ್ತು. ಸಂತ ಪೀಟರ್ ಚೌಕದಲ್ಲಿ ನೆರೆದಿದ್ದ ಹತ್ತಾರು ಸಾವಿರ ಜನ ಕೂಗಿದರು, ಕಣ್ಣೀರಿಟ್ಟರು, ಪಕ್ಕದಲ್ಲಿದ್ದ ಅಪರಿಚಿತರನ್ನು ಅಪ್ಪಿಕೊಂಡರು, ತಂತಮ್ಮ ದೇಶಗಳ ಬಾವುಟಗಳನ್ನು ಬೀಸಿದರು. ಬೆಸಿಲಿಕಾದ ಗಂಟೆಗಳು ಮೊಳಗಿದವು. ಆದರೆ ಆಯ್ಕೆಯಾದವರು ಯಾರೆಂಬುದು ಆ ಜನಸ್ತೋಮದಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ.

ತಿಳಿಯಲು ಸುಮಾರು ಒಂದು ಗಂಟೆ ಬೇಕಾಯಿತು. ಫ್ರಾನ್ಸ್‌ನ ಕಾರ್ಡಿನಲ್ ಡೊಮಿನಿಕ್ ಮಾಂಬೆರ್ತಿ ಅವರು ಬಾಲ್ಕನಿಗೆ ಬಂದು ವಾಡಿಕೆಯಂತೆ ಲ್ಯಾಟಿನ್ ಭಾಷೆಯಲ್ಲಿ ‘ರೊಬೆರ್ಟುಮ್ ಫ್ರಾನ್ಸಿಸ್ಕುಮ್’ ಎಂದು ಉಚ್ಚರಿಸಿದಾಗ ಚೌಕದ ಹಲವು ಕಡೆ ಗೊಂದಲವೇ ಕವಿಯಿತು. ಜನ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೊಬೈಲ್ ಫೋನ್‌ಗಳಲ್ಲಿ ಹೆಸರನ್ನು ಹುಡುಕತೊಡಗಿದರು. ಶಿಕಾಗೊದಲ್ಲಿ ಹುಟ್ಟಿ, ಪೆರು ದೇಶದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ, ಅಗಸ್ಟೀನಿಯನ್ ಸಂಘದ 69 ವರ್ಷದ ರಾಬರ್ಟ್ ಫ್ರಾನ್ಸಿಸ್ ಪ್ರೆವೋಸ್ಟ್ ಅವರು 14ನೇ ಲಿಯೋ ಎಂಬ ಹೆಸರಿನಲ್ಲಿ 267ನೇ ಪೋಪ್ ಆಗಿದ್ದರು. ಅಮೆರಿಕ ಸಂಯುಕ್ತ ಸಂಸ್ಥಾನದಿಂದ ಆ ಪೀಠವೇರಿದವರಲ್ಲಿ ಅವರೇ ಮೊದಲಿಗರು.

ಮೊದಲು ಸಂಭ್ರಮ, ಆಮೇಲೆ ಹೆಸರು. ಈ ಕ್ರಮವೇ ಪೋಪ್ ಆಯ್ಕೆಗೆ ವ್ಯಕ್ತವಾಗುವ ಪ್ರತಿಕ್ರಿಯೆಗಳ ಸ್ವಭಾವವನ್ನು ನಿರ್ಧರಿಸುತ್ತದೆ. ಮತ ಎಣಿಕೆಯ ದಿನ ಬೆಳಿಗ್ಗೆಯಿಂದಲೇ ದೂರದರ್ಶನದ ಮುಂದೆ ಕುಳಿತು ಮುನ್ನಡೆ, ಹಿನ್ನಡೆಗಳ ಲೆಕ್ಕ ಹಾಕುವ ನಮ್ಮ ಮತದಾರರಿಗೆ ಇದು ವಿಚಿತ್ರವೆನಿಸಬಹುದು. ಇಲ್ಲಿ ಘೋಷಿತ ಅಭ್ಯರ್ಥಿಗಳಿಲ್ಲ, ಪ್ರಣಾಳಿಕೆಯಿಲ್ಲ, ಪ್ರಚಾರಸಭೆಯಿಲ್ಲ. ಹೊರಜಗತ್ತಿನ ಸಂಪರ್ಕ ಕಡಿದುಕೊಂಡ 133 ಕಾರ್ಡಿನಲ್‌ಗಳು ಮತ ಚಲಾಯಿಸುತ್ತಾರೆ. ಅವರಲ್ಲಿ 89 ಮಂದಿ ಒಬ್ಬರ ಹೆಸರು ಬರೆದರೆ ಮುಗಿಯಿತು. ಈ ಬಾರಿ ನಾಲ್ಕನೇ ಸುತ್ತಿನಲ್ಲೇ ಅದು ಆಯಿತು. ಹಾಗಾಗಿ ಜಗತ್ತಿನ ಸುಮಾರು 140 ಕೋಟಿ ಕ್ಯಾಥೊಲಿಕರ ಮುಂದೆ ಬಂದು ನಿಂತವರ ಬಗ್ಗೆ ಬಹುತೇಕರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಆ ಖಾಲಿ ಜಾಗವನ್ನು ಪ್ರತಿಯೊಬ್ಬರೂ ತಮ್ಮ ಬಯಕೆಯಿಂದಲೋ ಭಯದಿಂದಲೋ ತುಂಬಿಕೊಂಡರು. ಮೊದಲ ವಾರದ ಮಾತುಗಳು ಪೋಪ್ ಅವರ ಬಗ್ಗೆ ಹೇಳಿದ್ದಕ್ಕಿಂತ ಮಾತನಾಡಿದವರ ಬಗ್ಗೆ ಹೇಳಿದ್ದೇ ಹೆಚ್ಚು.

ತಿಳಿದವರೂ ಎಡವುವುದುಂಟು. ಈ ಬಾರಿ ಬಾಜಿ ಕಟ್ಟುವವರು ಇಟಲಿಯ ಕಾರ್ಡಿನಲ್ ಪಿಯೆಟ್ರೊ ಪರೋಲಿನ್ ಅವರನ್ನು ನೆಚ್ಚಿಕೊಂಡಿದ್ದರು. ಪ್ರೆವೋಸ್ಟ್ ಅವರ ಮೇಲೆ ಹಣ ಹೂಡಿದವರು ಅತಿ ವಿರಳ. 2013ರಲ್ಲಿ ಇಟಲಿಯ ಧರ್ಮಾಧ್ಯಕ್ಷರ ಮಂಡಳಿಯೇ ಮಿಲಾನ್‌ನ ಕಾರ್ಡಿನಲ್ ಆಂಜೆಲೊ ಸ್ಕೋಲಾ ಆಯ್ಕೆಯಾದರೆಂದು ಭಾವಿಸಿ ಹರ್ಷ ವ್ಯಕ್ತಪಡಿಸುವ ಪ್ರಕಟಣೆಯನ್ನು ಹೊರಡಿಸಿ ಮುಜುಗರಕ್ಕೊಳಗಾಗಿತ್ತು. ಬಾಲ್ಕನಿಗೆ ಬಂದವರು ಅರ್ಜೆಂಟೀನಾದ ಹೋರ್ಹೆ ಬರ್ಗೊಲಿಯೊ, ಅಂದರೆ ಪೋಪ್ ಫ್ರಾನ್ಸಿಸ್.

ಉಡುಪು, ಭಾಷೆ, ಹೆಸರು

ವಿಚಾರ ತಿಳಿಯದಿದ್ದಾಗ ಜನ ಕುರುಹುಗಳನ್ನು ಓದುತ್ತಾರೆ. ಲಿಯೋ ಅವರು ಸಾಂಪ್ರದಾಯಿಕ ಕೆಂಪು ಭುಜವಸ್ತ್ರವನ್ನು ಧರಿಸಿ ಬಂದರು. 2013ರಲ್ಲಿ ಫ್ರಾನ್ಸಿಸ್ ಅದನ್ನು ಬಿಟ್ಟು ಬರೀ ಬಿಳಿಯ ನಿಲುವಂಗಿಯಲ್ಲಿ ಕಾಣಿಸಿಕೊಂಡಿದ್ದರು. ಇಷ್ಟೇ ಸಾಕಾಯಿತು, ಫ್ರಾನ್ಸಿಸ್ ಅವರ ಸುಧಾರಣೆಗಳಿಂದ ಬೇಸತ್ತಿದ್ದ ಸಂಪ್ರದಾಯವಾದಿಗಳು ನಿಟ್ಟುಸಿರು ಬಿಟ್ಟರು. ಮೊದಲ ಮಾತು ಎಲ್ಲರಿಗೂ ಶಾಂತಿ ಕೋರುವಂಥದ್ದಾಗಿತ್ತು. ಮಾತಿನ ನಡುವೆ ಫ್ರಾನ್ಸಿಸ್ ಅವರ ಸ್ಮರಣೆಯಿತ್ತು. ಅದನ್ನು ಕೇಳಿದ ಸುಧಾರಣಾವಾದಿಗಳಿಗೂ ಸಮಾಧಾನವಾಯಿತು. ಇಟಾಲಿಯನ್ ಭಾಷಣವನ್ನು ನಡುವೆ ನಿಲ್ಲಿಸಿ, ತಾವು ಧರ್ಮಾಧ್ಯಕ್ಷರಾಗಿದ್ದ ಪೆರುವಿನ ಚಿಕ್ಲಾಯೊ ಧರ್ಮಪ್ರಾಂತ್ಯದ ಜನರಿಗೆ ಸ್ಪ್ಯಾನಿಷ್‌ನಲ್ಲಿ ವಂದಿಸಿದರು. ತಾಯ್ನುಡಿಯಾದ ಇಂಗ್ಲಿಷ್‌ನಲ್ಲಿ ಒಂದು ಮಾತನ್ನೂ ಆಡಲಿಲ್ಲ. ಅಮೆರಿಕದ ಕೆಲವರಿಗೆ ಇದು ಚುಚ್ಚಿದ್ದೂ ಉಂಟು.

ಹೆಸರಿನ ಓದು ಇನ್ನೂ ದೂರ ಹೋಯಿತು. 1878ರಿಂದ 1903ರವರೆಗೆ ಪೋಪ್ ಆಗಿದ್ದ 13ನೇ ಲಿಯೋ ಅವರು 1891ರಲ್ಲಿ ಕಾರ್ಮಿಕರ ಹಕ್ಕುಗಳನ್ನು ಕುರಿತ ‘ರೇರುಮ್ ನೊವಾರುಮ್’ ಎಂಬ ಪರಿಪತ್ರದಿಂದ ಪ್ರಸಿದ್ಧರು. ಕೈಗಾರಿಕಾ ಕ್ರಾಂತಿಗೆ ಅಂದು ಧರ್ಮಸಭೆ ಸ್ಪಂದಿಸಿದಂತೆ ಇಂದು ಕೃತಕ ಬುದ್ಧಿಮತ್ತೆಯ ಸವಾಲಿಗೆ ಸ್ಪಂದಿಸಬೇಕಿದೆ ಎಂದು ಹೊಸ ಪೋಪ್ ಅವರೇ ಮೇ 10ರಂದು ಕಾರ್ಡಿನಲ್‌ಗಳಿಗೆ ವಿವರಿಸಿದರು.

ಕರ್ನಾಟಕದ ಕರಾವಳಿಗೆ ಈ ಹೆಸರು ಬೇರೊಂದು ಕಾರಣಕ್ಕೆ ಪರಿಚಿತ. ಉತ್ತಮ ಶಿಕ್ಷಣ ವ್ಯವಸ್ಥೆಗಾಗಿ ರೋಮ್‌ಗೆ ಮನವಿ ಸಲ್ಲಿಸಿದ್ದ ಮಂಗಳೂರಿನ ಕ್ಯಾಥೊಲಿಕರ ಕೋರಿಕೆಗೆ ಓಗೊಟ್ಟು 1878ರಲ್ಲಿ ಆ ಪ್ರಾಂತ್ಯವನ್ನು ಜೆಸ್ವಿತರ ವಶಕ್ಕೆ ಒಪ್ಪಿಸಿದವರು ಇದೇ 13ನೇ ಲಿಯೋ. ಆ ವರ್ಷದ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಜೆಸ್ವಿತರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದರು. ಅವರೊಡನೆ ಬಂದ ಫಾದರ್ ಮುಲ್ಲರ್ ಅವರ ಪುಟ್ಟ ಔಷಧಾಲಯವೇ ಇಂದಿನ ದೊಡ್ಡ ಆಸ್ಪತ್ರೆಯಾಗಿ ಬೆಳೆಯಿತು. ರೋಮ್‌ನ ಬಾಲ್ಕನಿಯಲ್ಲಿ ಕೇಳಿಬಂದ ಒಂದು ಹೆಸರು ಲೈಟ್‌ಹೌಸ್ ಗುಡ್ಡದ ಹಳೆಯ ವಿದ್ಯಾರ್ಥಿಗಳ ಮನಸ್ಸಿಗೂ ಹೀಗೆ ತಾಗುವಂಥದ್ದು.

ಇಬ್ಬರು ಅಣ್ಣಂದಿರು, ಎರಡು ತಂಡಗಳು

ಶಿಕಾಗೊ ನಗರಕ್ಕೆ ಧರ್ಮಶಾಸ್ತ್ರದ ಗೊಡವೆ ಇರಲಿಲ್ಲ. ಅಲ್ಲಿನ ‘ಸನ್-ಟೈಮ್ಸ್’ ಪತ್ರಿಕೆ ಸ್ಥಳೀಯ ಉಚ್ಚಾರಣೆಯನ್ನೇ ಬಳಸಿ ‘ಡಾ ಪೋಪ್!’ ಎಂದು ಮುಖಪುಟದ ತುಂಬ ಅಚ್ಚು ಹಾಕಿತು. ಸೊಗಸಾದದ್ದೆಲ್ಲ, ಪೋಪ್ ಕೂಡ, ಶಿಕಾಗೊದಿಂದಲೇ ಬರುತ್ತದೆ ಎಂಬರ್ಥದ ಪ್ರಾಸಬದ್ಧ ಸಾಲನ್ನು ಮೇಯರ್ ಬ್ರ್ಯಾಂಡನ್ ಜಾನ್ಸನ್ ಬರೆದರು. ನಗರದ ನಿಜವಾದ ಧರ್ಮಸಂಕಟ ಬೇರೆಯೇ ಆಗಿತ್ತು: ಪೋಪ್ ಯಾವ ಬೇಸ್‌ಬಾಲ್ ತಂಡದವರು? ಉತ್ತರ ಭಾಗದ ಕಬ್ಸ್ ತಂಡದವರು ತಮ್ಮವರೆಂದು ಸಾರಿಕೊಂಡರು. ಅಣ್ಣ ಜಾನ್ ಪ್ರೆವೋಸ್ಟ್ ಅದನ್ನು ಖಡಾಖಂಡಿತವಾಗಿ ಅಲ್ಲಗಳೆದರು. ತಮ್ಮ ಎಂದಿಗೂ ದಕ್ಷಿಣ ಭಾಗದ ವೈಟ್ ಸಾಕ್ಸ್ ಅಭಿಮಾನಿಯೇ ಎಂದರು. 2005ರ ವಿಶ್ವ ಸರಣಿಯ ಪಂದ್ಯವೊಂದರ ಹಳೆಯ ದೃಶ್ಯಾವಳಿಯಲ್ಲಿ ಪ್ರೆವೋಸ್ಟ್ ಪ್ರೇಕ್ಷಕರ ನಡುವೆ ಕುಳಿತಿದ್ದುದು ಪತ್ತೆಯಾದ ಮೇಲೆ ವಾದ ತಣ್ಣಗಾಯಿತು. ಬಾಲ್ಯದಲ್ಲಿ ಅವರು ವಾಸವಿದ್ದ ಡಾಲ್ಟನ್ ಉಪನಗರದ ಪುಟ್ಟ ಇಟ್ಟಿಗೆ ಮನೆ ಆಗ ಸುಮಾರು ಎರಡು ಲಕ್ಷ ಡಾಲರಿಗೆ ಮಾರಾಟಕ್ಕಿತ್ತು. ಮಾಲೀಕರು ಅದನ್ನು ತಕ್ಷಣವೇ ಹಿಂಪಡೆದರು. ಜುಲೈನಲ್ಲಿ ಅಲ್ಲಿನ ಸ್ಥಳೀಯ ಆಡಳಿತವೇ 3,75,000 ಡಾಲರ್ ಕೊಟ್ಟು ಕೊಂಡಿತು.

ನ್ಯೂ ಓರ್ಲಿಯನ್ಸ್ ನಗರವೂ ಹಿಂದುಳಿಯಲಿಲ್ಲ. ಪೋಪ್ ಅವರ ತಾಯಿಯ ಹೆತ್ತವರು ಆ ನಗರದ ಕ್ರಿಯೋಲ್ ಸಮುದಾಯದವರು, ಜನಗಣತಿಯ ಹಳೆಯ ದಾಖಲೆಗಳಲ್ಲಿ ಅವರನ್ನು ಕರಿಯರೆಂದು ಗುರುತಿಸಲಾಗಿದೆ ಎಂಬುದನ್ನು ಅಲ್ಲಿನ ವಂಶಾವಳಿ ತಜ್ಞರೊಬ್ಬರು ಹೊರಗೆಡಹಿದರು. ಕುಟುಂಬ ತನ್ನನ್ನು ಹಾಗೆ ಗುರುತಿಸಿಕೊಂಡಿರಲಿಲ್ಲವೆಂದು ಜಾನ್ ಹೇಳಿದರು. ಜನಾಂಗಭೇದದ ದಿನಗಳಲ್ಲಿ ಊರು ಬಿಟ್ಟು ಉತ್ತರಕ್ಕೆ ಹೋಗಿ, ಬಣ್ಣದ ಗುರುತನ್ನು ಹಿಂದೆ ಬಿಟ್ಟ ಅನೇಕ ಕುಟುಂಬಗಳ ಕಥೆ ಹೀಗೆ ಅಕಸ್ಮಾತ್ತಾಗಿ ಪತ್ರಿಕೆಗಳ ಮುಖಪುಟಕ್ಕೆ ಬಂತು.

ವಾಷಿಂಗ್ಟನ್‌ನಲ್ಲಿ ಮಾತ್ರ ಸಂತಸಕ್ಕೆ ಅನುಮಾನ ಬೆರೆತಿತ್ತು. ಆಯ್ಕೆಗೆ ಕೆಲವೇ ದಿನಗಳ ಮೊದಲು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ತಾವೇ ಪೋಪ್ ಉಡುಪಿನಲ್ಲಿರುವ ಕೃತಕ ಚಿತ್ರವೊಂದನ್ನು ಪ್ರಕಟಿಸಿ ನ್ಯೂಯಾರ್ಕ್ ರಾಜ್ಯದ ಧರ್ಮಾಧ್ಯಕ್ಷರ ಆಕ್ಷೇಪಕ್ಕೆ ಗುರಿಯಾಗಿದ್ದರು. ಮೇ 8ರಂದು ಅವರು ಇದು ದೇಶಕ್ಕೆ ದೊಡ್ಡ ಗೌರವವೆಂದು ಅಭಿನಂದಿಸಿದರು. ಅವರ ಕಟ್ಟಾ ಬೆಂಬಲಿಗರು ಅಷ್ಟು ಉದಾರಿಗಳಾಗಿರಲಿಲ್ಲ. ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಅವರ ವಲಸಿಗರ ಕುರಿತ ನಿಲುವನ್ನು ಟೀಕಿಸಿದ್ದ ಲೇಖನವೊಂದನ್ನು ಫೆಬ್ರುವರಿಯಲ್ಲಿ ಪ್ರೆವೋಸ್ಟ್ ಹೆಸರಿನ ಖಾತೆಯಿಂದ ಹಂಚಿಕೊಳ್ಳಲಾಗಿತ್ತು. ಅದನ್ನು ಹೆಕ್ಕಿ ತೆಗೆದ ಲಾರಾ ಲೂಮರ್ ಅವರು ಹೊಸ ಪೋಪ್ ಅಪ್ಪಟ ಮಾರ್ಕ್ಸ್‌ವಾದಿ ಎಂದು ಘೋಷಿಸಿದರು. ಆದರೆ ಪೋಪ್ ಅವರ ಹಿರಿಯಣ್ಣ ಲೂಯಿ ಟ್ರಂಪ್ ಅವರ ಬಹಿರಂಗ ಬೆಂಬಲಿಗ! ಮೇ ತಿಂಗಳಲ್ಲೇ ಅವರಿಗೆ ಶ್ವೇತಭವನದಲ್ಲಿ ಆತಿಥ್ಯ ದೊರೆಯಿತು.

ಕೆಂಪು ಭುಜವಸ್ತ್ರ ಕಂಡು ಹಿಗ್ಗಿದವರ ಸಂತಸ ಬಹುಕಾಲ ಉಳಿಯಲಿಲ್ಲ. ಗರ್ಭಪಾತವನ್ನು ವಿರೋಧಿಸುತ್ತ ವಲಸಿಗರನ್ನು ಅಮಾನವೀಯವಾಗಿ ನಡೆಸಿಕೊಳ್ಳುವುದನ್ನು ಒಪ್ಪುವವರು ಜೀವಪರರೇ ಎಂದು ಲಿಯೋ ಸೆಪ್ಟೆಂಬರ್ 30ರಂದು ವರದಿಗಾರರ ಮುಂದೆ ಸಂಶಯ ವ್ಯಕ್ತಪಡಿಸಿದಾಗ ಅವರಲ್ಲಿ ಅನೇಕರು ಸಿಡಿಮಿಡಿಗೊಂಡರು. ಅದೇ ತಿಂಗಳು ಪ್ರಕಟವಾದ ಸಂದರ್ಶನದಲ್ಲಿ, ಮಹಿಳೆಯರ ದೀಕ್ಷೆಯ ವಿಷಯದಲ್ಲಿ ಸದ್ಯಕ್ಕೆ ಧರ್ಮಸಭೆಯ ಬೋಧನೆಯನ್ನು ಬದಲಿಸುವ ಉದ್ದೇಶ ತಮಗಿಲ್ಲ ಎಂದದ್ದು ಇನ್ನೊಂದು ಬಣದ ಉತ್ಸಾಹವನ್ನು ತಗ್ಗಿಸಿತು. ಎರಡೂ ಕಡೆಯವರು ದೂರಿದ್ದು ಪೋಪ್ ಬದಲಾದರೆಂದು. ಅವರು ಬದಲಾಗಿದ್ದಕ್ಕೆ ಪುರಾವೆಯೇನೂ ಇರಲಿಲ್ಲ.

‘ನಾವೇ ಪೋಪ್’ ಎಂದವರು

ಆಯ್ಕೆಯಾದವರನ್ನು ಇಡೀ ದೇಶವೇ ತನ್ನವರೆಂದು ಎತ್ತಿಕೊಳ್ಳುವ ಪರಿ ಹೊಸದಲ್ಲ. 2005ರ ಏಪ್ರಿಲ್ 19ರಂದು ಜರ್ಮನಿಯ ಯೋಸೆಫ್ ರಾಟ್ಸಿಂಗರ್ ಅವರು 16ನೇ ಬೆನೆಡಿಕ್ಟ್ ಆದಾಗ ಮರುದಿನದ ‘ಬಿಲ್ಟ್’ ಪತ್ರಿಕೆಯ ಶೀರ್ಷಿಕೆ ‘ನಾವೇ ಪೋಪ್!’ ಎಂದಾಗಿತ್ತು. ಪ್ರೊಟೆಸ್ಟೆಂಟರೂ ಧರ್ಮದ ಹಂಗಿಲ್ಲದವರೂ ಕೋಟಿಗಟ್ಟಲೆ ಇರುವ ದೇಶದಲ್ಲಿ ಆ ಮಾತು ಅರ್ಧ ಹೆಮ್ಮೆ, ಅರ್ಧ ತಮಾಷೆಯಾಗಿ ಬಾಯಿಂದ ಬಾಯಿಗೆ ಹರಡಿತು. ಎಡಪಂಥೀಯ ‘ಟಾಟ್ಸ್’ ಪತ್ರಿಕೆ ಅದೇ ದಿನ ಕಪ್ಪು ಮುಖಪುಟದ ಮೇಲೆ ‘ಅಯ್ಯೋ ದೇವರೇ!’ ಎಂದು ಬರೆಯಿತು. ಬ್ರಿಟನ್ನಿನ ‘ದಿ ಸನ್’ ಪತ್ರಿಕೆಗೆ ಕಂಡದ್ದು ಹದಿಹರೆಯದಲ್ಲಿ ಕಡ್ಡಾಯವಾಗಿ ಹಿಟ್ಲರನ ಯುವದಳ ಸೇರಿದ್ದ ಹುಡುಗ ಮಾತ್ರ. ಕಾರ್ಡಿನಲ್ ಆಗಿದ್ದಾಗ ರಾಟ್ಸಿಂಗರ್ ಬಳಸಿದ್ದ ಹಳೆಯ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರನ್ನು ಜೂಜಿನ ಕಂಪೆನಿಯೊಂದು ಅಂತರ್ಜಾಲದ ಹರಾಜಿನಲ್ಲಿ 1,88,938 ಯೂರೊಗೆ ಕೊಂಡಿತು. ಭಕ್ತಿ ಎಲ್ಲಿ ಮುಗಿದು ವ್ಯಾಪಾರ ಎಲ್ಲಿ ತೊಡಗುತ್ತದೆಂದು ಕೇಳುವವರೇ ಇರಲಿಲ್ಲ.

2013ರಲ್ಲಿ ಬ್ಯೂನಸ್ ಐರಿಸ್‌ನ ಬೀದಿಗಳಲ್ಲಿ ವಾಹನಗಳ ಹಾರ್ನ್ ಮೊಳಗುತ್ತಿರುವಾಗಲೇ ಒಂದು ಗಂಭೀರ ಪ್ರಶ್ನೆ ಎದ್ದಿತ್ತು. ಮಿಲಿಟರಿ ಆಡಳಿತ ಕಾಲದಲ್ಲಿ, 1976ರಲ್ಲಿ, ಅಪಹರಣಕ್ಕೊಳಗಾಗಿ ತಿಂಗಳುಗಟ್ಟಲೆ ಸೆರೆಯಲ್ಲಿದ್ದ ಇಬ್ಬರು ಜೆಸ್ವಿತ್ ಗುರುಗಳನ್ನು ಅವರ ಮೇಲಧಿಕಾರಿಯಾಗಿದ್ದ ಬರ್ಗೊಲಿಯೊ ರಕ್ಷಿಸಲಿಲ್ಲವೆಂಬ ಆರೋಪವದು. ಆ ಇಬ್ಬರಲ್ಲಿ ಬದುಕಿದ್ದ ಫ್ರಾನ್ಸ್ ಯಾಲಿಕ್ಸ್ ಅವರು, ತಮ್ಮನ್ನು ಹಿಡಿದುಕೊಟ್ಟವರು ಬರ್ಗೊಲಿಯೊ ಅಲ್ಲವೆಂದು ಒಂದು ವಾರದಲ್ಲೇ ಸ್ಪಷ್ಟಪಡಿಸಿದರು. 2000ದಲ್ಲಿ ತೀರಿಕೊಂಡಿದ್ದ ಒರ್ಲಾಂಡೊ ಯೋರಿಯೊ ಅವರ ಕುಟುಂಬ ಅದನ್ನು ಒಪ್ಪಲಿಲ್ಲ.

ಬಲ್ಲವರ ಮಾತು

ದೂರದವರು ಉಡುಪನ್ನು ಓದುತ್ತಾರೆ; ಹತ್ತಿರವಿದ್ದವರಿಗೆ ನೆನಪುಗಳಿರುತ್ತವೆ. 14ನೇ ಲಿಯೋ ಅವರ ವಿಷಯದಲ್ಲಿ ಅಂಥ ನೆನಪುಗಳಿರುವುದು ಉತ್ತರ ಪೆರುವಿನಲ್ಲಿ. 1985ರಲ್ಲಿ ಮೊದಲು ಅಲ್ಲಿಗೆ ಹೋದ ಪ್ರೆವೋಸ್ಟ್ 2015ರಲ್ಲಿ ಆ ದೇಶದ ಪೌರತ್ವ ಪಡೆದು 2023ರವರೆಗೆ ಚಿಕ್ಲಾಯೊದ ಧರ್ಮಾಧ್ಯಕ್ಷರಾಗಿದ್ದರು. ಬಿಳಿ ಹೊಗೆಯ ದಿನ ಅಲ್ಲಿನ ಕ್ಯಾಥೆಡ್ರಲ್‌ನ ಗಂಟೆಗಳು ಮೊಳಗಿದವು. ಪೋಪ್ ಊಟ ಮಾಡಿದ ಜಾಗವಿದು ಎಂಬ ಫಲಕಗಳು ಹೋಟೆಲುಗಳಲ್ಲಿ ಕಾಣಿಸಿಕೊಂಡವು. ಸ್ಪ್ಯಾನಿಷ್ ಭಾಷೆಯಲ್ಲಿ ‘ಪಾಪಾ’ ಎಂದರೆ ಪೋಪ್ ಎಂದೂ ಆಲೂಗಡ್ಡೆ ಎಂದೂ ಅರ್ಥ. ಆಲೂಗಡ್ಡೆಯ ತವರಾದ ಪೆರುವಿನವರು ಆ ಶ್ಲೇಷೆಯನ್ನು ಮನಸಾರೆ ಅನುಭವಿಸಿದರು. ನಗೆಯಾಚೆ ಕೃತಜ್ಞತೆಯೂ ಇತ್ತು. ಕೋವಿಡ್ ಕಾಲದಲ್ಲಿ ಆಮ್ಲಜನಕಕ್ಕಾಗಿ ಜನ ಪರದಾಡುತ್ತಿದ್ದಾಗ ದೇಣಿಗೆ ಸಂಗ್ರಹಿಸಿ ಎರಡು ಆಮ್ಲಜನಕ ಘಟಕಗಳನ್ನು ತರಿಸಲು ಅವರು ಮುಂದಾಗಿದ್ದರು. 2023ರ ಪ್ರವಾಹದಲ್ಲಿ ರಬ್ಬರ್ ಬೂಟು ತೊಟ್ಟು ಕೆಸರಿನಲ್ಲಿ ನಿಂತ ಅವರ ಚಿತ್ರ ಈಗ ಜಗತ್ತಿನಾದ್ಯಂತ ಪರಿಚಿತ.

ಅದೇ ಚಿಕ್ಲಾಯೊದಲ್ಲಿ ಸಂಭ್ರಮಿಸಲಾಗದವರೂ ಇದ್ದರು. ಬಾಲ್ಯದಲ್ಲಿ ಪಾದ್ರಿಗಳಿಂದ ಲೈಂಗಿಕ ದೌರ್ಜನ್ಯಕ್ಕೊಳಗಾದ ಬಗ್ಗೆ ಮೂವರು ಮಹಿಳೆಯರು 2022ರಲ್ಲಿ ಪ್ರೆವೋಸ್ಟ್ ಅವರಿಗೆ ದೂರು ಕೊಟ್ಟಿದ್ದರು. ಸರಿಯಾದ ತನಿಖೆ ನಡೆಯಲಿಲ್ಲವೆಂಬುದು ಅವರ ಅಳಲು. ಧರ್ಮಾಧ್ಯಕ್ಷರು ಅವರ ಮಾತನ್ನು ಆಲಿಸಿದ್ದರು, ಪೊಲೀಸರಿಗೂ ದೂರು ನೀಡುವಂತೆ ಹೇಳಿದ್ದರು, ಪ್ರಾಥಮಿಕ ವಿಚಾರಣೆಯ ಕಡತವನ್ನು ರೋಮ್‌ಗೆ ಕಳುಹಿಸಿದ್ದರು ಎಂಬುದು ಧರ್ಮಪ್ರಾಂತ್ಯದ ಉತ್ತರ. ಸರ್ಕಾರದ ಕಡೆಯ ತನಿಖೆ ಕಾಲಮಿತಿ ಮೀರಿದ ಕಾರಣಕ್ಕೆ ಮುಚ್ಚಿಹೋಗಿತ್ತು. ಪಾದ್ರಿಗಳ ದೌರ್ಜನ್ಯಕ್ಕೆ ಬಲಿಯಾದವರ ಅಮೆರಿಕ ಮೂಲದ ಸಂಘಟನೆ ‘ಸ್ನ್ಯಾಪ್’ ಮಾರ್ಚ್‌ನಲ್ಲೇ ಪ್ರೆವೋಸ್ಟ್ ವಿರುದ್ಧ ವ್ಯಾಟಿಕನ್‌ಗೆ ದೂರು ಸಲ್ಲಿಸಿತ್ತು. ಆಯ್ಕೆಯ ಬೆನ್ನಿಗೇ ತನ್ನ ಕಳವಳವನ್ನು ಮತ್ತೆ ಪ್ರಕಟಿಸಿತು.

ಇದೇ ದೇಶದ ಇನ್ನೊಂದು ಗುಂಪು ತದ್ವಿರುದ್ಧವಾದ ಸಾಕ್ಷ್ಯ ನುಡಿಯಿತು. ಪೆರುವಿನ ಪ್ರಭಾವಿ ಧಾರ್ಮಿಕ ಸಂಘವಾಗಿದ್ದ ‘ಸೊಡಾಲಿಟಿಯಂ’ನೊಳಗಿನ ದೌರ್ಜನ್ಯಗಳನ್ನು ಬಯಲಿಗೆಳೆದ ಪತ್ರಕರ್ತ ಪೆದ್ರೊ ಸಲಿನಾಸ್ ಮತ್ತು ಅದರ ಸಂತ್ರಸ್ತರಲ್ಲಿ ಹಲವರು, ಉಳಿದ ಧರ್ಮಾಧ್ಯಕ್ಷರು ಮುಖ ತಿರುಗಿಸಿದಾಗ ತಮ್ಮ ಜತೆ ನಿಂತವರಲ್ಲಿ ಪ್ರೆವೋಸ್ಟ್ ಒಬ್ಬರೆಂದರು. ಆ ಸಂಘವನ್ನು ಪೋಪ್ ಫ್ರಾನ್ಸಿಸ್ 2025ರಲ್ಲಿ ವಿಸರ್ಜಿಸಿದ್ದರು. ಒಬ್ಬರೇ ವ್ಯಕ್ತಿ, ಒಂದೇ ದೇಶ, ಎರಡು ಬಗೆಯ ಅನುಭವ. ಇವೆರಡೂ ಉಡುಪಿನಿಂದಲೋ ಹೆಸರಿನಿಂದಲೋ ಹುಟ್ಟಿದ ಅಭಿಪ್ರಾಯಗಳಲ್ಲವಾದ್ದರಿಂದ ಬೇಸ್‌ಬಾಲ್ ತಂಡದ ತಕರಾರಿನಂತೆ ಒಂದು ಹಳೆಯ ದೃಶ್ಯಾವಳಿಯಿಂದ ಇತ್ಯರ್ಥವಾಗುವಂಥವೂ ಅಲ್ಲ.

2025ರ ಅಕ್ಟೋಬರ್ 20ರಂದು, ಆಯ್ಕೆಯಾಗಿ ಐದು ತಿಂಗಳು ಕಳೆದ ಮೇಲೆ, ಪಾದ್ರಿಗಳ ದೌರ್ಜನ್ಯದ ವಿರುದ್ಧ ಹೋರಾಡುತ್ತಿರುವ ‘ಎಂಡಿಂಗ್ ಕ್ಲರ್ಜಿ ಅಬ್ಯೂಸ್’ ಎಂಬ ಅಂತರರಾಷ್ಟ್ರೀಯ ಸಂಘಟನೆಯ ಪ್ರತಿನಿಧಿಗಳನ್ನು 14ನೇ ಲಿಯೋ ವ್ಯಾಟಿಕನ್‌ನಲ್ಲಿ ಬರಮಾಡಿಕೊಂಡರು. ದೌರ್ಜನ್ಯ ಎಸಗಿದ್ದು ಸಾಬೀತಾದ ಪಾದ್ರಿಯನ್ನು ಶಾಶ್ವತವಾಗಿ ಸೇವೆಯಿಂದ ಹೊರಹಾಕುವ ನಿಯಮ ಇಡೀ ಧರ್ಮಸಭೆಗೆ ಅನ್ವಯವಾಗಬೇಕೆಂಬ ತಮ್ಮ ಬೇಡಿಕೆಯನ್ನು ಅವರು ಪೋಪ್ ಅವರ ಮುಂದಿಟ್ಟರು.