ಟರ್ಬೊ ಕೆಟ್ಟಿದೆಯೋ, ಪೈಪು ಬಿರಿದಿದೆಯೋ?

ಪ್ರಶ್ನೆ: ನಮ್ಮ ಎಕ್ಸ್‌ಕವೇಟರ್ ಲೋಡ್ ಬಿದ್ದಾಗ ಕಪ್ಪು ಹೊಗೆ ಉಗುಳುತ್ತದೆ, ಜೊತೆಗೆ ಶಿಳ್ಳೆಯಂಥ ಸದ್ದು. ಟರ್ಬೊ ಹೋಯಿತೇ?

ಉತ್ತರ: ಟರ್ಬೊ ಬಿಚ್ಚಿಸುವ ಮೊದಲು ಅದರ ಗಾಳಿ ಪೈಪುಗಳನ್ನು ನೋಡಿಸಿ. ಟರ್ಬೊ ಒತ್ತಿ ಕಳಿಸುವ ಗಾಳಿ ಲೋಡಿನಲ್ಲಿ 150 ಡಿಗ್ರಿ ಸೆಲ್ಸಿಯಸ್ ಕೂಡ ಮುಟ್ಟಬಹುದು. ಇಂಟರ್‌ಕೂಲರ್‌ನಲ್ಲಿ ತಣಿದು ಎಂಜಿನ್ ಸೇರುತ್ತದೆ. ಈ ದಾರಿಯಲ್ಲಿ ಹೋಸ್ ಬಿರಿದರೆ ಗಾಳಿ ಸಾಲದೆ ಡೀಸೆಲ್ ಅರೆಬರೆ ಉರಿಯುತ್ತದೆ, ಹೊಗೆ ಕಪ್ಪಾಗುತ್ತದೆ. ಎಂಜಿನ್ ನಿಲ್ಲಿಸಿ, ಕಡಿಮೆ ಒತ್ತಡದ ಗಾಳಿ ತುಂಬಿ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದಲ್ಲೇ ಸೋರಿಕೆ.

ಇದಕ್ಕಿಂತ ಕೆಟ್ಟದ್ದು ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿನ ಬಿರುಕು. ಹೊಗೆಯಿಲ್ಲ, ಶಿಳ್ಳೆಯಿಲ್ಲ, ಸಂಡೂರಿನ ಗಣಿಗಳಂಥ ಕಡೆ ಕೆಂಧೂಳು ಸೀದಾ ಒಳನುಗ್ಗಿ ಟರ್ಬೊ ಬ್ಲೇಡು, ಪಿಸ್ಟನ್ ರಿಂಗುಗಳನ್ನು ಸವೆಸುತ್ತದೆ. ಅಲ್ಲಿ ಟೇಪು ಸುತ್ತಿ ದಿನ ದೂಡುವುದು ಶುದ್ಧ ದಡ್ಡತನ.

ಹೊಸ ಹೋಸ್ ಹಾಕುವಾಗ ಪೈಪಿನ ತುದಿಯ ಎಣ್ಣೆ ಜಿಡ್ಡನ್ನು ಪೂರ್ತಿ ಒರೆಸಿ. ಜಿಡ್ಡಿದ್ದರೆ ಒತ್ತಡಕ್ಕೆ ಕಳಚಿಕೊಳ್ಳುತ್ತದೆ. ಕ್ಲ್ಯಾಂಪೂ ಹೊಸದಿರಲಿ, ಪೈಪಿನ ಉಬ್ಬಿನ ಹಿಂದೆ ಕೂರಲಿ. ಅತಿಯಾಗಿ ಬಿಗಿದರೆ ಹೋಸನ್ನೇ ಕೊಯ್ಯುತ್ತದೆ. ಕೆಲಸದ ವೇಳೆ ಧೂಳು ಹೋಗದಂತೆ ಪೈಪಿನ ಬಾಯಿಗೆ ತುರುಕಿದ ಬಟ್ಟೆ ತೆಗೆಯದೆ ಮಾತ್ರ ಸ್ಟಾರ್ಟ್ ಮಾಡಬೇಡಿ.